ದೇಶವಿಲ್ಲದ ತಂಡ

2025ರ ಜುಲೈ 15ರ ಬೆಳಿಗ್ಗೆ ಕಾಫಿಗೆ ನೀರಿಟ್ಟು ಮೊಬೈಲ್ ತೆರೆದರೆ, ವೆಸ್ಟ್ ಇಂಡೀಸ್ 27ಕ್ಕೆ ಆಲೌಟ್ ಎಂದಿತ್ತು. ಜಮೈಕಾದ ಕಿಂಗ್‌ಸ್ಟನ್ ನಗರದ ಸಬೀನಾ ಪಾರ್ಕಿನಲ್ಲಿ ಆಸ್ಟ್ರೇಲಿಯಾ ಎದುರು ಮೂರನೇ ಟೆಸ್ಟ್. ಗೆಲ್ಲಲು ಬೇಕಿದ್ದದ್ದು 204. 14.3 ಓವರ್, ಅಂದರೆ 87 ಎಸೆತಗಳಲ್ಲಿ ಎಲ್ಲ ಮುಗಿದುಹೋಗಿತ್ತು. ತನ್ನ ನೂರನೇ ಟೆಸ್ಟ್ ಆಡುತ್ತಿದ್ದ ಮಿಚೆಲ್ ಸ್ಟಾರ್ಕ್ ತನ್ನ ಮೊದಲ 15 ಎಸೆತಗಳಲ್ಲೇ ಐದು ವಿಕೆಟ್ ಕಿತ್ತಿದ್ದ. ಕೊನೆಯ ಲೆಕ್ಕ 9 ರನ್ನಿಗೆ 6. ಸ್ಕಾಟ್ ಬೋಲ್ಯಾಂಡನಿಗೆ ಹ್ಯಾಟ್ರಿಕ್. ಏಳು ಜನ ಸೊನ್ನೆಗೆ ಔಟ್. ಎಲ್ಲರಿಗಿಂತ ಹೆಚ್ಚು ರನ್ ಮಾಡಿದ ಜಸ್ಟಿನ್ ಗ್ರೀವ್ಸ್ ಗಳಿಸಿದ್ದು 11. ಟೆಸ್ಟ್ ಚರಿತ್ರೆಯಲ್ಲಿ ಇದಕ್ಕಿಂತ ಕಡಿಮೆ ಮೊತ್ತ ಇರುವುದು ಒಂದೇ, 1955ರಲ್ಲಿ ಆಕ್ಲೆಂಡಿನಲ್ಲಿ ನ್ಯೂಜಿಲೆಂಡ್ ಮಾಡಿದ 26. ಅದನ್ನು ಸರಿಗಟ್ಟುವ ಅವಮಾನ ತಪ್ಪಿದ್ದೂ ಆಸ್ಟ್ರೇಲಿಯಾದ ಫೀಲ್ಡರೊಬ್ಬ ಚೆಂಡು ಸರಿಯಾಗಿ ಹಿಡಿಯದೆ ಇದ್ದದ್ದರಿಂದ.

ಆ ದಿನ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಇದೇ ತಮಾಷೆ. "ನಮ್ಮ ಬಿ.ಕಾಂ. ಹುಡುಗರು ಆಡಿದ್ರೂ ಮೂವತ್ತು ಮಾಡ್ತಿದ್ರು ಮಾರಾಯ್ರೆ" ಎಂದು ಕಿರಿಯ ಸಹೋದ್ಯೋಗಿಯೊಬ್ಬರು ನಕ್ಕರು. ಅವರಿಗೆ ಮೂವತ್ತರ ಆಸುಪಾಸು. ಅವರು ಕಂಡ ವೆಸ್ಟ್ ಇಂಡೀಸ್ ಟೆಸ್ಟಿನಲ್ಲಿ ಸೋಲುತ್ತಲೇ ಬಂದ ತಂಡ, ಐಪಿಎಲ್‌ನಲ್ಲಿ ಸಿಕ್ಸರ್ ಹೊಡೆಯುವ ಕೆಲವು ದೈತ್ಯರು, ಅಷ್ಟೆ. ನಗು ಬಂದದ್ದರಲ್ಲಿ ಆಶ್ಚರ್ಯವಿಲ್ಲ. ನನಗೆ ಬರಲಿಲ್ಲ. ನನ್ನ ತಲೆಯಲ್ಲಿ ಸಬೀನಾ ಪಾರ್ಕ್ ಎಂಬ ಹೆಸರು ಬೇರೆಯೇ ಆಗಿ ಕೂತಿದೆ.

ನಮ್ಮಲ್ಲಿ ಆ ಹೆಸರು ಮೊದಲು ಭಯದ ಹೆಸರು. 1976ರ ಏಪ್ರಿಲ್‌ನಲ್ಲಿ ಪೋರ್ಟ್ ಆಫ್ ಸ್ಪೇನಿನಲ್ಲಿ ಭಾರತ 403 ರನ್ ಬೆನ್ನಟ್ಟಿ ಗೆದ್ದಿತು. ಗಾವಸ್ಕರ್ 102, ನಮ್ಮ ವಿಶ್ವನಾಥ್ 112, ಕೊನೆಯಲ್ಲಿ ಬ್ರಿಜೇಶ್ ಪಟೇಲ್ ಅಜೇಯ 49. ಮೂವರು ಸ್ಪಿನ್ನರುಗಳನ್ನು ಆಡಿಸಿ ಸೋತ ನಾಯಕ ಕ್ಲೈವ್ ಲಾಯ್ಡ್ ಮುಂದಿನ ಟೆಸ್ಟಿಗೆ ಸಬೀನಾ ಪಾರ್ಕಿಗೆ ಬಂದದ್ದು ವೇಗದ ಬೌಲರುಗಳ ಪಡೆ ಕಟ್ಟಿಕೊಂಡು. ಅಂಶುಮಾನ್ ಗಾಯಕವಾಡರ ಕಿವಿಗೆ ಪೆಟ್ಟು, ವಿಶ್ವನಾಥರ ಬೆರಳು ಮುರಿತ, ಬ್ರಿಜೇಶ್ ಪಟೇಲರ ಬಾಯಿಗೆ ಹೊಲಿಗೆ. ಎರಡನೇ ಇನಿಂಗ್ಸಿನಲ್ಲಿ ಐದು ವಿಕೆಟ್ ಬೀಳುವಷ್ಟರಲ್ಲಿ ಭಾರತದ ಇನಿಂಗ್ಸ್ 97ಕ್ಕೆ ಮುಗಿಯಿತು. ಉಳಿದ ಐವರು ಆಡುವ ಸ್ಥಿತಿಯಲ್ಲೇ ಇರಲಿಲ್ಲ. ಲಾಯ್ಡ್ ತಂಡದ ಮುಂದಿನ ಹಾದಿ ಅಲ್ಲಿ ತೆರೆಯಿತು. 1980ರಿಂದ 1995ರವರೆಗೆ ವೆಸ್ಟ್ ಇಂಡೀಸ್ ಒಂದೇ ಒಂದು ಟೆಸ್ಟ್ ಸರಣಿ ಸೋಲಲಿಲ್ಲ. ಆ ಹದಿನೈದು ವರ್ಷ ಕೊನೆಗೊಂಡದ್ದೂ ಸಬೀನಾ ಪಾರ್ಕಿನಲ್ಲೇ, 1995ರ ಮೇ ತಿಂಗಳಲ್ಲಿ, ಸ್ಟೀವ್ ವಾ 200 ಹೊಡೆದ ಪಂದ್ಯದಲ್ಲಿ. ನಾನಾಗ ಹೈಸ್ಕೂಲ್ ಮುಗಿಸುತ್ತಿದ್ದೆ. ನನಗೆ ಜಮೈಕಾ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸಲು ಬರುತ್ತಿರಲಿಲ್ಲ, ಆದರೆ ಆ್ಯಂಬ್ರೋಸ್ ಮತ್ತು ವಾಲ್ಷರ ಓಟವನ್ನು ಅಂಗಳದಲ್ಲಿ ಅನುಕರಿಸಲು ಬರುತ್ತಿತ್ತು.

ನಮ್ಮ ಮನೆಯಲ್ಲಿ ಈ ಹುಚ್ಚು ತಂದದ್ದು ನನ್ನ ಸೋದರಮಾವ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅವರು 1974ರ ನವೆಂಬರಿನಲ್ಲಿ, ಇಂದಿನ ಚಿನ್ನಸ್ವಾಮಿ ಕ್ರೀಡಾಂಗಣದ ಮೊಟ್ಟಮೊದಲ ಟೆಸ್ಟನ್ನು ನೋಡಿದವರು. ಎದುರಾಳಿ ವೆಸ್ಟ್ ಇಂಡೀಸ್. ಲಾಯ್ಡ್ ನಾಯಕನಾದ ಮೊದಲ ಟೆಸ್ಟ್, ಗಾರ್ಡನ್ ಗ್ರೀನಿಜ್ ಮತ್ತು ವಿವ್ ರಿಚರ್ಡ್ಸ್ ಇಬ್ಬರಿಗೂ ಚೊಚ್ಚಲ ಟೆಸ್ಟ್. ಗ್ರೀನಿಜ್ 93 ಮತ್ತು 107. ರಿಚರ್ಡ್ಸ್ ಎರಡೂ ಸಲ ಚಂದ್ರಶೇಖರ್‌ಗೆ ಔಟ್, 4 ಮತ್ತು 3. "ರಿಚರ್ಡ್ಸನ್ನ ಎರಡು ಸಲ ಮನೆಗೆ ಕಳಿಸಿದ್ದು ನಮ್ಮ ಚಂದ್ರ, ನಾನು ಕಣ್ಣಾರೆ ಕಂಡದ್ದು" ಎಂದು ಮಾವ ಹೇಳದ ಮದುವೆಮನೆ ಇರಲಿಲ್ಲ. ಮುಂದಿನ ಟೆಸ್ಟಿನಲ್ಲಿ ದೆಹಲಿಯಲ್ಲಿ ಅದೇ ರಿಚರ್ಡ್ಸ್ ಅಜೇಯ 192 ಹೊಡೆದದ್ದನ್ನು ಯಾರಾದರೂ ನೆನಪಿಸಿದರೆ ಮಾವನಿಗೆ ಊಟದ ಪಂಕ್ತಿ ನೆನಪಾಗುತ್ತಿತ್ತು.

ಈಗ ಆ ತಂಡ ಹೇಗೆ ಹೀಗಾಯಿತು ಎಂದರೆ ಥಟ್ಟನೆ ಬರುವ ಉತ್ತರ, ಅಲ್ಲಿನ ಹುಡುಗರಿಗೆ ಕ್ರಿಕೆಟ್ ಬೇಡವಾಗಿದೆ, ಅಮೆರಿಕದ ಬ್ಯಾಸ್ಕೆಟ್‌ಬಾಲ್ ಬಂದು ಎತ್ತರದ ಹುಡುಗರನ್ನೆಲ್ಲ ಎಳೆದುಕೊಂಡಿತು ಎಂಬುದು. ಇದನ್ನು ನಾನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ, ನಂಬುವುದು ಕಷ್ಟ. 2016ನ್ನೇ ನೋಡಿ. ಫೆಬ್ರವರಿಯಲ್ಲಿ 19 ವರ್ಷದೊಳಗಿನವರ ವಿಶ್ವಕಪ್ ಫೈನಲಿನಲ್ಲಿ ಭಾರತವನ್ನು ಸೋಲಿಸಿ ಗೆದ್ದವರು ವೆಸ್ಟ್ ಇಂಡೀಸ್ ಹುಡುಗರು. ಏಪ್ರಿಲ್ 3ರಂದು ಕೋಲ್ಕತ್ತಾದ ಈಡನ್ ಗಾರ್ಡನ್ಸ್‌ನಲ್ಲಿ ಮೊದಲು ಮಹಿಳೆಯರು, ಆಮೇಲೆ ಪುರುಷರು ಟಿ20 ವಿಶ್ವಕಪ್ ಗೆದ್ದರು. ಕಾರ್ಲೋಸ್ ಬ್ರಾತ್‌ವೇಟ್ ಕೊನೆಯ ಓವರಿನಲ್ಲಿ ಸತತ ನಾಲ್ಕು ಸಿಕ್ಸರ್ ಎತ್ತಿದ್ದು ಆವತ್ತೇ. ಎರಡು ತಿಂಗಳೊಳಗೆ ಮೂರು ವಿಶ್ವಕಪ್. ಪ್ರತಿಭೆ ಬತ್ತಿಹೋದ ಜಾಗದಲ್ಲಿ ಇದು ಆಗುವುದಿಲ್ಲ.

ಅದೇ ರಾತ್ರಿ ನಾಯಕ ಡ್ಯಾರೆನ್ ಸಾಮಿ ಕಪ್ ಹಿಡಿದು ಆಡಿದ ಮಾತು ನೆನಪಿರಬಹುದು. ಹಾಕಿಕೊಳ್ಳಲು ಸಮವಸ್ತ್ರ ಕೂಡ ಇಲ್ಲದೆ ಬಂದೆವು, ನಮ್ಮ ಮಂಡಳಿಯಿಂದ ನಮಗೆ ಮರ್ಯಾದೆ ಸಿಗಲಿಲ್ಲ ಎಂದು ಜಗತ್ತಿನ ಎದುರೇ ಹೇಳಿದ. ನಾಲ್ಕೇ ತಿಂಗಳಲ್ಲಿ ಅವನ ನಾಯಕತ್ವ ಹೋಯಿತು. ಅದಕ್ಕೂ ಹಿಂದೆ, 2014ರ ಅಕ್ಟೋಬರಿನಲ್ಲಿ ಸಂಬಳದ ಜಗಳದಲ್ಲಿ ಇಡೀ ತಂಡ ಧರ್ಮಶಾಲಾದಿಂದಲೇ ಭಾರತ ಪ್ರವಾಸ ಮೊಟಕುಗೊಳಿಸಿ ಊರಿಗೆ ಹೊರಟುಹೋಗಿತ್ತು. ಈಗ 27ಕ್ಕೆ ಔಟಾದ ಟೆಸ್ಟ್ ತಂಡದ ಕೋಚ್ ಯಾರೆಂದರೆ, ಅದೇ ಸಾಮಿ.

ಆದರೆ ಮಂಡಳಿಯನ್ನು ಬೈದು ಮುಗಿಸುವುದೂ ಸುಲಭದ ದಾರಿಯೇ. ನನಗೆ ಅನಿಸುವುದು ಬೇರೆ. ವೆಸ್ಟ್ ಇಂಡೀಸ್ ಎಂಬ ದೇಶವಿಲ್ಲ. ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಆದರೆ ಅದರ ಅರ್ಥವನ್ನು ನಾವು ನಿಧಾನವಾಗಿ ಯೋಚಿಸಿಲ್ಲ. ಬ್ರಿಟಿಷರಿಂದ ಬಿಡುಗಡೆಯಾಗುವ ಹೊತ್ತಿನಲ್ಲಿ, 1958ರಲ್ಲಿ, ಅಲ್ಲಿನ ದ್ವೀಪಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. ಜಮೈಕಾದ ಜನ ಮತ ಹಾಕಿ ಹೊರಬಂದರು. 1962ರ ಹೊತ್ತಿಗೆ ಒಕ್ಕೂಟ ಮುರಿಯಿತು. ಉಳಿದದ್ದು ಕ್ರಿಕೆಟ್ ತಂಡ, ಮತ್ತೆ ಒಂದು ವಿಶ್ವವಿದ್ಯಾಲಯ. ಬಾರ್ಬಡೋಸ್, ಜಮೈಕಾ, ಟ್ರಿನಿಡಾಡ್, ಗಯಾನಾ ಒಂದೊಂದೂ ಬೇರೆ ಸರ್ಕಾರ, ಬೇರೆ ಪಾಸ್‌ಪೋರ್ಟ್. ಹೆಚ್ಚಿನ ಕಡೆ ಬೇರೆ ಬೇರೆ ನಾಣ್ಯ. ಪಂದ್ಯಕ್ಕೆ ಮುಂಚೆ ಹಾಡಲು ದೇಶಗೀತೆ ಇಲ್ಲ. ಟ್ರಿನಿಡಾಡಿನ ಡೇವಿಡ್ ರಡ್ಡರ್ ಎಂಬ ಕ್ಯಾಲಿಪ್ಸೊ ಗಾಯಕ ಬರೆದ ಹಾಡನ್ನು ಹಾಕುತ್ತಾರೆ.

ಎಲ್ಲ ಸೇರಿ ಜನಸಂಖ್ಯೆ ಸುಮಾರು 60 ಲಕ್ಷ. ನಮ್ಮ ಬೆಂಗಳೂರು ಒಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಕಿಂಗ್‌ಸ್ಟನ್‌ನಿಂದ ಬಾರ್ಬಡೋಸಿನ ಬ್ರಿಜ್‌ಟೌನಿಗೆ ಬೆಂಗಳೂರಿನಿಂದ ದೆಹಲಿಗಿಂತ ಹೆಚ್ಚು ದೂರ, ನಡುವೆ ಪೂರ್ತಿ ಸಮುದ್ರ. ರಣಜಿ ತಂಡದ ಹುಡುಗರು ರೈಲು ಹತ್ತಿ ಹೋದ ಕಥೆಗಳನ್ನು ನಾವು ಪ್ರೀತಿಯಿಂದ ಹೇಳಿಕೊಳ್ಳುತ್ತೇವೆ. ಅಲ್ಲಿ ಎರಡು ದ್ವೀಪಗಳ ನಡುವಿನ ನಾಲ್ಕು ದಿನದ ಪಂದ್ಯಕ್ಕೂ ವಿಮಾನವೇ ಬೇಕು, ಹೋಟೆಲ್ ಬೇಕು. ನೋಡಲು ಜನರಿಲ್ಲ, ಟಿವಿಯವರು ಕಾಸು ಕೊಡುವುದಿಲ್ಲ. ಹಾಗಾಗಿ ಇತ್ತೀಚೆಗೆ ವರ್ಷಕ್ಕೆ ಐದೋ ಏಳೋ ಸುತ್ತಿನಲ್ಲಿ ಆ ಟೂರ್ನಿ ಮುಗಿಯುತ್ತದೆ. ರಣಜಿಯಲ್ಲೂ ಲೀಗ್ ಹಂತದಲ್ಲಿ ಏಳೇ ಪಂದ್ಯ ತಾನೆ ಎನ್ನಬಹುದು. ಆದರೆ ನಮ್ಮಲ್ಲಿ 38 ತಂಡಗಳು ಆಡುತ್ತವೆ, ಅದರ ಕೆಳಗೆ ಎಷ್ಟೋ ವಯೋಮಿತಿಯ ತಂಡಗಳಿವೆ.

ಹಾಗಾದರೆ ಎಂಬತ್ತರ ದಶಕದಲ್ಲಿ ಇದೇ ದ್ವೀಪಗಳು, ಇದೇ ಸಮುದ್ರ ಇದ್ದಾಗ ಅಂಥ ತಂಡ ಎಲ್ಲಿಂದ ಬಂತು?

ಇಂಗ್ಲೆಂಡಿನಿಂದ. ಹುಟ್ಟಿದ್ದು ದ್ವೀಪಗಳಲ್ಲಿ, ಪಳಗಿದ್ದು ಕೌಂಟಿಯಲ್ಲಿ. ಲಾಯ್ಡ್ ಲ್ಯಾಂಕಾಶೈರ್, ಗ್ರೀನಿಜ್ ಮತ್ತು ಮಾಲ್ಕಮ್ ಮಾರ್ಷಲ್ ಹ್ಯಾಂಪ್‌ಶೈರ್, ರಿಚರ್ಡ್ಸ್ ಮತ್ತು ಜೋಯಲ್ ಗಾರ್ನರ್ ಸಾಮರ್‌ಸೆಟ್, ಹೋಲ್ಡಿಂಗ್ ಡರ್ಬಿಶೈರ್, ಆಮೇಲೆ ವಾಲ್ಷ್ ಗ್ಲಾಸ್ಟರ್‌ಶೈರ್, ಆ್ಯಂಬ್ರೋಸ್ ನಾರ್ಥಾಂಪ್ಟನ್‌ಶೈರ್. ಒಂದು ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೂರು ದಿನದ ಪಂದ್ಯ. ಚಳಿಯಲ್ಲಿ, ತೇವದ ಪಿಚ್ಚಿನಲ್ಲಿ, ಅರ್ಧ ಖಾಲಿ ಮೈದಾನದಲ್ಲಿ ದಿನವಿಡೀ ಬೌಲ್ ಮಾಡಿ, ಮರುದಿನ ಮತ್ತೆ ಬರಬೇಕು. ಬಿಟ್ಟ ಚೆಂಡು ಎಷ್ಟು ಮುಖ್ಯ ಎಂದು ಬ್ಯಾಟರಿಗೆ ತಿಳಿಯುವುದು ಇಂಥಲ್ಲೇ. 1977ರಲ್ಲಿ ಕೆರಿ ಪ್ಯಾಕರ್ ತನ್ನ ಟಿವಿಗಾಗಿ ಬೇರೆಯದೇ ಕ್ರಿಕೆಟ್ ಶುರುಮಾಡಿದಾಗ ಡೆನ್ನಿಸ್ ವೇಟ್ ಎಂಬ ಆಸ್ಟ್ರೇಲಿಯಾದ ವ್ಯಾಯಾಮ ಗುರು ಈ ತಂಡಕ್ಕೆ ಸಿಕ್ಕ. ವೇಗದ ಬೌಲರುಗಳ ಮೈ ಹುರಿಗೊಂಡದ್ದು ಅವನ ಕೈಯಲ್ಲಿ. ಅಂದರೆ ಹಣ ಇಂಗ್ಲೆಂಡಿನದು, ವ್ಯಾಯಾಮ ಆಸ್ಟ್ರೇಲಿಯಾದ್ದು. ಇದರಿಂದ ಆ ತಂಡದ ದೊಡ್ಡಸ್ತಿಕೆ ಕಡಿಮೆಯಾಗುವುದಿಲ್ಲ. ಬಡವರ ಮಕ್ಕಳು ಬೇರೆಯವರ ಮನೆಯಲ್ಲಿ ವಾರಾನ್ನ ಉಂಡು ಓದಿ ಮೇಲೆ ಬಂದ ಹಾಗೆ. ನಮ್ಮ ಹಿಂದಿನ ತಲೆಮಾರಿಗೆ ಇದು ಚೆನ್ನಾಗಿ ಗೊತ್ತು. ಆದರೆ ವಾರಾನ್ನದ ಮನೆಗಳು ಬಾಗಿಲು ಹಾಕಿದ ಮೇಲೆ ಏನು? ಕೌಂಟಿಗಳು ವಿದೇಶಿ ಆಟಗಾರರ ಸಂಖ್ಯೆ ಕಡಿಮೆ ಮಾಡುತ್ತ ಬಂದವು, ವರ್ಷವಿಡೀ ಅಂತರರಾಷ್ಟ್ರೀಯ ಪಂದ್ಯಗಳು ತುಂಬಿಕೊಂಡವು. ಗೆಲ್ಲುತ್ತಿದ್ದ ಆ ಕಾಲದಲ್ಲಿ ಮಂಡಳಿ ಸ್ವಂತ ಅಡುಗೆಮನೆ ಕಟ್ಟಿಕೊಳ್ಳಲಿಲ್ಲ. ಗೆಲ್ಲುತ್ತಿರುವಾಗ ಯಾರಿಗೂ ಅದು ಹೊಳೆಯುವುದಿಲ್ಲ.

ಈಗಲೂ ಕರೆದು ಅನ್ನ ಹಾಕುವ ಮನೆಗಳಿವೆ, ಐಪಿಎಲ್ ಮೊದಲಾಗಿ. ಆದರೆ ಅಲ್ಲಿ ಕಲಿಸುವ ಪಾಠ ನಾಲ್ಕು ಓವರಿನದು. ನಿಕೊಲಸ್ ಪೂರನ್ 29ನೇ ವಯಸ್ಸಿಗೆ, 2025ರ ಜೂನಿನಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ಟಿಗೆ ವಿದಾಯ ಹೇಳಿದ; ಒಂದೂ ಟೆಸ್ಟ್ ಆಡಿರಲಿಲ್ಲ. 2016ರಲ್ಲಿ 19 ವರ್ಷದೊಳಗಿನವರ ಕಪ್ ಗೆದ್ದ ನಾಯಕ ಶಿಮ್ರಾನ್ ಹೆಟ್ಮಯರ್ 2019ರ ನಂತರ ಟೆಸ್ಟ್ ಆಡಿಲ್ಲ. ನಮ್ಮ ಕ್ರಿಸ್ ಗೇಲ್‌ಗೆ ('ನಮ್ಮ' ಎನ್ನದೆ ಬೆಂಗಳೂರಿಗರ ಬಾಯಿಂದ ಆ ಹೆಸರು ಹೊರಡುವುದಿಲ್ಲ) ಟೆಸ್ಟಿನಲ್ಲಿ ಎರಡು ತ್ರಿಶತಕಗಳಿವೆ, 2005ರಲ್ಲಿ ಆಂಟಿಗಾದಲ್ಲಿ 317, 2010ರಲ್ಲಿ ಗಾಲ್‌ನಲ್ಲಿ 333. ಚಿನ್ನಸ್ವಾಮಿಯಲ್ಲಿ 2013ರ ಏಪ್ರಿಲ್ 23ರಂದು ಅವನು ಹೊಡೆದ ಅಜೇಯ 175 ಗೊತ್ತಿಲ್ಲದ ಮಗು ಬೆಂಗಳೂರಿನಲ್ಲಿಲ್ಲ, ಆ ಎರಡು ತ್ರಿಶತಕ ಗೊತ್ತಿರುವವರನ್ನು ಹುಡುಕಬೇಕು.

ಇಂಥವರನ್ನು ಹಣಕ್ಕೆ ಮಾರಿಕೊಂಡವರು ಎಂದು ಬೈಯುವ ಲೇಖನಗಳನ್ನು ಓದಿದ್ದೇನೆ. ಬೈಯಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೆ ಕಾರಣ ನಮ್ಮ ಕಾಲೇಜಿನ ಒಬ್ಬ ಹುಡುಗ. ಕ್ರಿಕೆಟ್ ತಂಡದ ಉಸ್ತುವಾರಿ ನನ್ನ ತಲೆಗೆ ಕಟ್ಟಿದ್ದ ಆ ವರ್ಷಗಳಲ್ಲಿ ಇಂಥ ಬ್ಯಾಟರನ್ನು ನಾನು ನೋಡಿರಲಿಲ್ಲ. ಆಫ್ ಸ್ಟಂಪಿನ ಹೊರಗಿನ ಚೆಂಡನ್ನು ಬಿಡುತ್ತಿದ್ದ ರೀತಿಯಲ್ಲೇ ಒಂದು ಗಾಂಭೀರ್ಯ. ಹತ್ತೊಂಬತ್ತರ ಹುಡುಗರಲ್ಲಿ ಅದು ಸಿಗುವುದಿಲ್ಲ. ಎರಡು ದಿನದ ಆಯ್ಕೆ ಪಂದ್ಯಕ್ಕೆ ಅವನ ಹೆಸರು ಕೊಟ್ಟೆ. ಅವನು ಹೋಗಲಿಲ್ಲ. ಆ ವಾರ ಕರಾವಳಿಯ ಯಾವುದೋ ಊರಲ್ಲಿ ಹೊನಲು ಬೆಳಕಿನ ಟೆನ್ನಿಸ್ ಬಾಲ್ ಪಂದ್ಯಾಟ ಇತ್ತು, ಒಂದು ತಂಡದವರು ಅವನನ್ನು ದುಡ್ಡು ಕೊಟ್ಟು ಕರೆದಿದ್ದರು.

ಕೇಳಿದಾಗ ತಲೆ ತಗ್ಗಿಸದೆ ಹೇಳಿದ: "ಸರ್, ಆ ಮ್ಯಾಚಿಗೆ ಹೋದ್ರೆ ಬಸ್ ಚಾರ್ಜ್ ಸಹಾ ನಂದೇ. ಇಲ್ಲಿ ಎರಡು ರಾತ್ರಿ ಆಡಿದ್ರೆ ಅಮ್ಮನ ಸೊಸೈಟಿ ಸಾಲದ ಒಂದು ಕಂತು ಆಗ್ತದೆ. ನೀವೇ ಹೇಳಿ."

ನಾನು ಏನು ಹೇಳಲಿ? ಟೆಸ್ಟ್ ಕ್ರಿಕೆಟ್ಟಿನ ಸೌಂದರ್ಯದ ಬಗ್ಗೆ ಭಾಷಣ ಮಾಡಬಹುದಿತ್ತು. ಸರ್ಕಾರದ ಸಂಬಳ ಎಣಿಸುವವನ ಬಾಯಲ್ಲಿ ಅದು ಚೆನ್ನಾಗಿ ಕೇಳಿಸುವುದಿಲ್ಲ. ಈಗ ಅವನ ಬ್ಯಾಟಿಂಗ್ ನೋಡಿದರೆ ಬೇರೆಯೇ ಮನುಷ್ಯ. ಕಾಲು ಲೆಗ್ ಕಡೆಗೆ ತೆಗೆದು, ಎಲ್ಲವನ್ನೂ ಎತ್ತಿ ಬಾರಿಸುತ್ತಾನೆ. ಚೆನ್ನಾಗಿಯೇ ಬಾರಿಸುತ್ತಾನೆ. ಆದರೆ ಆ ಬಿಡುವ ಕಲೆ ಹೋಯಿತು. ಯಾವ ಪಂದ್ಯಾಟದಲ್ಲೂ ಬಿಟ್ಟ ಚೆಂಡಿಗೆ ಬಹುಮಾನವಿಲ್ಲ.

ಶಮಾರ್ ಜೋಸೆಫನ ಕಥೆ ಬಂದಾಗ ನನಗೆ ಈ ಹುಡುಗನೇ ನೆನಪಾದ. ಗಯಾನಾದ ಕ್ಯಾಂಜೆ ನದಿಯ ಮೇಲ್ಗಡೆ, ದೋಣಿಯಲ್ಲೇ ಹೋಗಬೇಕಾದ ಬರಕಾರ ಎಂಬ ಹಳ್ಳಿಯವನು. ಚಿಕ್ಕಂದಿನಲ್ಲಿ ಲಿಂಬೆಹಣ್ಣು, ಪೇರಳೆಕಾಯಿಗಳನ್ನೇ ಚೆಂಡು ಮಾಡಿಕೊಂಡು ಎಸೆದವನು, ಸೆಕ್ಯುರಿಟಿ ಗಾರ್ಡ್ ಕೆಲಸ ಮಾಡಿದವನು. ಮೊದಲ ಪ್ರಥಮ ದರ್ಜೆ ಪಂದ್ಯ ಆಡಿದ್ದು 2023ರಲ್ಲಿ. 2024ರ ಜನವರಿಯಲ್ಲಿ ಬ್ರಿಸ್ಬೇನಿನ ಗಾಬಾದಲ್ಲಿ ಸ್ಟಾರ್ಕನ ಯಾರ್ಕರ್ ಕಾಲ್ಬೆರಳಿಗೆ ಬಡಿದು ಹೊರನಡೆದವನು, ಮರುದಿನ ಅದೇ ಕಾಲಿನಲ್ಲಿ ಓಡಿಬಂದು 68ಕ್ಕೆ 7 ವಿಕೆಟ್ ಕಿತ್ತ. ಎಂಟು ರನ್ನಿನ ಗೆಲುವು. ಆಸ್ಟ್ರೇಲಿಯಾ ನೆಲದಲ್ಲಿ 1997ರ ನಂತರದ ಮೊದಲ ಟೆಸ್ಟ್ ಗೆಲುವು. ಕಾಮೆಂಟರಿ ಪೆಟ್ಟಿಗೆಯಲ್ಲಿ ಬ್ರಯಾನ್ ಲಾರಾ ಕಣ್ಣೀರು ಹಾಕಿದ. ಕೆಲವೇ ದಿನಗಳಲ್ಲಿ ಐಪಿಎಲ್‌ನ ಲಖನೌ ತಂಡ, ನಮ್ಮ ಕೆ.ಎಲ್. ರಾಹುಲ್ ನಾಯಕನಾಗಿದ್ದ ತಂಡ, ಅವನನ್ನು 3 ಕೋಟಿಗೆ ಕರೆದುಕೊಂಡಿತು. ಬೇಡ ಎನ್ನುವವರು ಯಾರು? ದೋಣಿಯ ಊರಿನ ಹುಡುಗ ಅವನು. 2025ರ ಅಕ್ಟೋಬರಿನಲ್ಲಿ ವೆಸ್ಟ್ ಇಂಡೀಸ್ ಭಾರತಕ್ಕೆ ಟೆಸ್ಟ್ ಆಡಲು ಬಂದಾಗ ಗಾಯದಿಂದಾಗಿ ಅವನು ಬರಲಿಲ್ಲ. ಇನ್ನೊಬ್ಬ ವೇಗಿ ಅಲ್ಜಾರಿ ಜೋಸೆಫನೂ ಇಲ್ಲ. ಅಹಮದಾಬಾದಿನಲ್ಲಿ ಇನಿಂಗ್ಸ್ ಮತ್ತು 140 ರನ್ನಿನ ಸೋಲು, ಮೂರೇ ದಿನದಲ್ಲಿ. ರಾಹುಲ್ ಸರಿಯಾಗಿ 100 ಹೊಡೆದ. ನಮ್ಮವನ ಶತಕ ಎಂದು ಖುಷಿಪಟ್ಟೆ ನಿಜ, ಆದರೆ ಎದುರಿಗೆ ಯಾರೂ ಇಲ್ಲದ ಅಂಗಳದಲ್ಲಿ ಕಬಡ್ಡಿ ಆಡಿದ ಹಾಗಿತ್ತು.

ಹಣದ ಮಾತಿನಲ್ಲಿ ನಾವು, ಭಾರತದ ಪ್ರೇಕ್ಷಕರು, ಹೊರಗಿನವರಲ್ಲ. ಐಸಿಸಿಯ 2024ರಿಂದ 2027ರ ಹಂಚಿಕೆಯಲ್ಲಿ ಭಾರತಕ್ಕೆ ಸಿಗುವ ಪಾಲು ಸುಮಾರು ಶೇ. 38.5. ವೆಸ್ಟ್ ಇಂಡೀಸಿಗೆ ಶೇ. 5ಕ್ಕಿಂತ ಕಡಿಮೆ. ಹಣ ಬರುವುದು ನಮ್ಮ ಟಿವಿಗಳಿಂದ, ಆದ್ದರಿಂದ ನಮಗೇ ಹೆಚ್ಚು ಎಂಬ ವಾದ ವ್ಯಾಪಾರವಾಗಿ ಸರಿ. ಎರಡು ದೇಶಗಳ ಸರಣಿಯಲ್ಲಂತೂ ಪ್ರಸಾರದ ಹಣವೆಲ್ಲ ಆತಿಥೇಯರದ್ದು. ಗಾಬಾದಲ್ಲಿ ಶಮಾರ್ ಮಾಡಿದ ಅದ್ಭುತದ ಪ್ರಸಾರದ ಗಳಿಕೆ ಆಸ್ಟ್ರೇಲಿಯಾದ ಮಂಡಳಿಗೆ. ವೆಸ್ಟ್ ಇಂಡೀಸಿಗೆ ನಾಲ್ಕು ಕಾಸು ಕಾಣುವುದು ಭಾರತವೋ ಇಂಗ್ಲೆಂಡೋ ಅಲ್ಲಿಗೆ ಪ್ರವಾಸ ಹೋದಾಗ. ಮಿಕ್ಕವರನ್ನು ಕರೆಸಿ ಟೆಸ್ಟ್ ಆಡಿಸಿದಷ್ಟೂ ಕೈಯಿಂದ ಖರ್ಚು. ಟೆಸ್ಟ್ ತಂಡಗಳನ್ನು ಮೇಲಿನ ದರ್ಜೆ, ಕೆಳಗಿನ ದರ್ಜೆ ಎಂದು ಎರಡು ಪಂಕ್ತಿ ಮಾಡೋಣ ಎಂಬ ಮಾತು ಆಗಾಗ ಏಳುತ್ತದೆ. ನಾನು ಅದಕ್ಕೆ ವಿರೋಧಿ. ಒಂದು ಪಂದ್ಯ ನಡೆಯಲು ಎರಡು ತಂಡ ಬೇಕು ಎಂಬ ಸರಳ ಲೆಕ್ಕ ಈ ಹಂಚಿಕೆಯವರಿಗೆ ಮರೆತಿದೆ. ಎದುರಾಳಿಯನ್ನು ಉಪವಾಸ ಕೆಡವಿ ಗೆದ್ದ ಕುಸ್ತಿಯನ್ನು ಎಷ್ಟು ದಿನ ನೋಡುವುದು?

27ರ ನಂತರ ಅಲ್ಲಿನ ಮಂಡಳಿ ತುರ್ತು ಸಭೆ ಕರೆಯಿತು. ಲಾಯ್ಡ್, ರಿಚರ್ಡ್ಸ್, ಲಾರಾ ಮೂವರಿಗೂ ಆಹ್ವಾನ. ಮುದುಕರನ್ನು ಕರೆದು ಮಾತಾಡಿಸುವುದು ಒಳ್ಳೆಯದೇ, ನಮ್ಮಲ್ಲೂ ಮನೆ ಬಿರುಕುಬಿಟ್ಟಾಗ ಹಾಗೇ ಮಾಡುತ್ತೇವೆ. ಆದರೆ ಅವರು ಕಲಿತ ಶಾಲೆ ಈಗ ಇಲ್ಲ. ರಿಚರ್ಡ್ಸ್ ಬಂದು ಎದೆ ಉಬ್ಬಿಸಿ ನಡೆಯಿರಿ ಎಂದರೆ ಸ್ಟಾರ್ಕನ ಒಳಬರುವ ಚೆಂಡು ನಿಲ್ಲುವುದಿಲ್ಲ. ಅದಕ್ಕೆ ಬೇಕಾದದ್ದು ಒಳ್ಳೆಯ ಪಿಚ್ಚುಗಳು, ವರ್ಷಕ್ಕೆ ಹದಿನೈದು ದೀರ್ಘ ಪಂದ್ಯಗಳು, ಅವಕ್ಕೆ ವಿಮಾನದ ಟಿಕೇಟು.

ಇಷ್ಟಾದರೂ ನಾನು ಇವರ ಟೆಸ್ಟ್ ನೋಡುವುದು ಬಿಟ್ಟಿಲ್ಲ. ಈ ತಂಡ ಪೂರ್ತಿ ಸತ್ತಿಲ್ಲ, ಅದೇ ನೋಡುಗನಿಗೆ ಕಷ್ಟ. ಅದೇ 2025ರ ಜನವರಿಯಲ್ಲಿ ಮುಲ್ತಾನಿನಲ್ಲಿ ಪಾಕಿಸ್ತಾನವನ್ನು 120 ರನ್ನಿನಿಂದ ಸೋಲಿಸಿತ್ತು. ಅಕ್ಟೋಬರಿನಲ್ಲಿ ದೆಹಲಿಯಲ್ಲಿ, ಫಾಲೋಆನ್ ಆದ ಮೇಲೆ, ಜಾನ್ ಕ್ಯಾಂಪ್‌ಬೆಲ್ 115, ಶಾಯ್ ಹೋಪ್ 103. ಕ್ಯಾಂಪ್‌ಬೆಲ್‌ಗೆ ಅದು ಮೊದಲ ಟೆಸ್ಟ್ ಶತಕ, ಹೋಪ್‌ಗೆ ಎಂಟು ವರ್ಷದ ಮೇಲೆ ಬಂದದ್ದು. ಕೊನೆಯ ವಿಕೆಟ್ಟಿಗೆ ಗ್ರೀವ್ಸ್ ಮತ್ತು ಜೇಡನ್ ಸೀಲ್ಸ್ 79 ರನ್ ಸೇರಿಸಿ ಭಾರತವನ್ನು ಐದನೇ ದಿನಕ್ಕೆ ಎಳೆದರು. ಸೋಲು ತಪ್ಪಲಿಲ್ಲ. ಆ ಕೊನೆಯ ಜೊತೆಯಾಟ ನೋಡುತ್ತ ನಾನು ಒಂದು ಕ್ಲಾಸಿಗೆ ತಡವಾಗಿ ಹೋದೆ, ಹುಡುಗರಿಗೆ ಕಾರಣವನ್ನೂ ಹೇಳಿದೆ. ಅರ್ಧ ಜನರಿಗೆ ಆ ಸರಣಿ ನಡೆಯುತ್ತಿರುವುದೇ ಗೊತ್ತಿರಲಿಲ್ಲ.

ಆಮೇಲೆ ಡಿಸೆಂಬರ್, ಕ್ರೈಸ್ಟ್‌ಚರ್ಚ್. ನ್ಯೂಜಿಲೆಂಡ್ ಕೊಟ್ಟ ಗುರಿ 531. ಐದನೇ ದಿನದ ಸಂಜೆ ಪಂದ್ಯ ನಿಂತಾಗ ವೆಸ್ಟ್ ಇಂಡೀಸ್ 6 ವಿಕೆಟ್ಟಿಗೆ 457. ಹೋಪ್ 140. 27ರ ಆ ಇನಿಂಗ್ಸಿನಲ್ಲಿ 11 ಮಾಡಿದ್ದ ಗ್ರೀವ್ಸ್ 388 ಎಸೆತ ಆಡಿ ಅಜೇಯ 202. ಅವನ ಜೊತೆ ಕೊನೆಯವರೆಗೂ ನಿಂತವನು 37 ವರ್ಷದ ಬೌಲರ್ ಕೆಮಾರ್ ರೋಚ್, 58. ಇಡೀ ಮಧ್ಯಾಹ್ನ ಅವನು ಚೆಂಡು ತಡೆಯುತ್ತಿದ್ದ, ಇಲ್ಲವೇ ಬಿಡುತ್ತಿದ್ದ. ಡ್ರಾ. ಮುಂದಿನ ಎರಡೂ ಟೆಸ್ಟ್ ಸೋತರು.